ವಾಡಿಯ ರೈಫಲ್ಲು, ಜಪಾನಿನ ದುರ್ಬೀನು

ಸೇಡಂ
೯ ಜೂನ್ ೧೯೭೪

ಶಹಾಬಾದದ ಗಡಿಯಾರ ಮತ್ತು ಬಂದೂಕು ರಿಪೇರಿಯ ಅಬ್ದುಲ್ ಮಜೀದಸಾಬರಿಗೆ, ಸೇಡಂ ಸರ್ವೆ ಕಚೇರಿಯ ನರಸಿಂಹನ ನಮಸ್ಕಾರ.

ಹೆಸರು ನೋಡಿದ ಕೂಡಲೇ ಹರಿದುಹಾಕದಿದ್ದರೆ ಮುಂದಿನದನ್ನೂ ಓದುತ್ತೀರಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ಚಿತ್ತಾಪುರದ ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತು ನಾವಿಬ್ಬರೂ ಉರ್ದು ಬರೆದವರು. ಈಗ ಅದರ ಚುಕ್ಕೆಗಳು ನನ್ನ ಕಣ್ಣಿಗೆ ಸಿಗುತ್ತಿಲ್ಲ. ಉತ್ತರ ಬರೆಯುವುದಾದರೆ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆಯಬೇಕೆಂದು ಕೋರಿಕೆ.

ಎಡಗಣ್ಣು ಮೊದಲಿನಿಂದಲೂ ಮಸುಕು, ನಿಮಗೆ ಗೊತ್ತು. ಬಲಗಣ್ಣಿನ ಹಿಂದಿನ ನರ ಒಣಗುತ್ತಿದೆ ಎಂದು ಗುಲ್ಬರ್ಗಾದ ಡಾಕ್ಟರು ಹೇಳಿದರು. ಸುತ್ತಲಿನದು ಒಂದೊಂದಾಗಿ ಕತ್ತಲಾಗುತ್ತ ಬರುತ್ತದೆ, ನಡುವಿನದು ಕೊನೆಗೆ ಹೋಗುತ್ತದೆ, ಈ ಚಳಿಗಾಲ ದಾಟಿದರೆ ಹೆಚ್ಚು ಎಂದರು. ಕೇಳಿ ಹೊರಗೆ ಬಂದಾಗ ನನಗೆ ಹೆಂಡತಿಯ ನೆನಪಾಗಲಿಲ್ಲ, ದೇವರ ನೆನಪಾಗಲಿಲ್ಲ. ಐವತ್ತು ಗಜ ದೂರದಲ್ಲಿ ಬೆಳಗಿನ ಬಿಸಿಲಿಗೆ ನಿಂತ ಕಪ್ಪು ಚಕ್ರದ ಬಿಳಿ ಗುರಿಕಾರ್ಡೊಂದು ಕಣ್ಣ ಮುಂದೆ ಬಂತು.

ಹನ್ನೊಂದು ವರ್ಷದಿಂದ ನಾನು ರೈಫಲ್ ಮುಟ್ಟಿಲ್ಲ. ಆ ರವಿವಾರದ ನಂತರ ಇದ್ದದ್ದನ್ನೂ ಮಾರಿದೆ. ಪರವಾನಗಿಯನ್ನು ಮಾತ್ರ, ಯಾಕೆಂದು ನನಗೇ ತಿಳಿಯದೆ, ನವೀಕರಿಸುತ್ತ ಬಂದೆ. "ಕುದುರೆ ಇಲ್ಲ, ಲಗಾಮಿಗೆ ಎಣ್ಣಿ ಹಚ್ಚಾಕತ್ತೀರಿ" ಎಂದು ನನ್ನ ಹೆಂಡತಿ ಪದ್ಮಾ ನಗುತ್ತಾಳೆ. ದಸರೆಯ ನಂತರದ ಮೊದಲ ರವಿವಾರ ನಿಮ್ಮೂರ ಹಳೆಯ ಗಣಿಯಲ್ಲಿ ಪಂದ್ಯ ಈಗಲೂ ನಡೆಯುತ್ತದಂತೆ. ನಲವತ್ತೈದು ದಾಟಿದವರಿಗೆ ದುರ್ಬೀನು ಹಾಕಿ ಹೊಡೆಯುವ ಸವಲತ್ತು ಕೊಟ್ಟಿದ್ದಾರಂತೆ. ಒಮ್ಮೆ, ಕೊನೆಯದಾಗಿ, ಹೊಡೆಯಬೇಕೆಂದಿದ್ದೇನೆ. ನನ್ನ ಸಂಬಳಕ್ಕೆ ಎಟಕುವ ಒಂದು ರೈಫಲ್, ಒಂದು ದುರ್ಬೀನು ಬೇಕು. ಈ ನಾಲ್ಕು ತಾಲೂಕುಗಳಲ್ಲಿ ಕೊಳವೆಯೊಳಗೆ ನೋಡಿ ಒಳ್ಳೆಯದು ಕೆಟ್ಟದ್ದು ಹೇಳಬಲ್ಲವರು ನೀವೊಬ್ಬರೇ.

ಆ ದಿನ ನಾನು ಆಡಿದ ಮಾತು ನನಗೆ ನೆನಪಿದೆ. ಅದರ ಬಗ್ಗೆ ಬರೆಯಲು ಕುಳಿತ ಕಾಗದವಲ್ಲ ಇದು.

ಉತ್ತರದ ದಾರಿ ಕಾಯುವ,
ನರಸಿಂಹ


ಶಹಾಬಾದ
೨೨ ಜೂನ್ ೧೯೭೪

ನರಸಿಂಹರಾಯರಿಗೆ ಸಲಾಮು.

ದಪ್ಪಕ್ಷರ ಕೇಳಿದ್ದೀರಿ. ತೊಗೊಳ್ಳಿ, ಒಂದರ ಬದಲು ಎರಡು ಇನ್‌ಲ್ಯಾಂಡು ಕಾಗದ ಹಿಡಿದವು.

ನೀವು ಆಡಿದ ಮಾತು ನನಗೂ ನೆನಪಿದೆ. "ರಿಪೇರಿಗಂತ ಕೊಟ್ರ ಗುರಿ ನೋಡೂ ಸೈಟ್ ತಿರುವಿ ಕೊಟ್ಟಾನ. ನಾ ಸೋಲಬೇಕಂತ ಬೇಕಂತನೇ ಮಾಡ್ಯಾನ." ಗಣಿಯಲ್ಲಿ ನಲವತ್ತು ಜನರಿದ್ದರು. ಅದಾದ ಮೇಲೆ ಎರಡು ವರ್ಷ ನನ್ನ ಅಂಗಡಿಗೆ ಒಂದು ಬಂದೂಕೂ ರಿಪೇರಿಗೆ ಬರಲಿಲ್ಲ. ಗಡಿಯಾರ ಬಿಚ್ಚಿ ಹೊಟ್ಟೆ ಹೊರೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ಅವತ್ತೇ ತಿರುಗಿ ಅನ್ನಬಹುದಿತ್ತು. ಆದರೆ ನೀವು ಕುಣಿಯಬಲ್ಲವರು ಎಂಬುದು ನನಗೆ ಗೊತ್ತಿತ್ತು, ಅದಕ್ಕೇ ಬಾಯಿ ಕಟ್ಟಿತು. ಇರಲಿ. ನೀವು ಬೇಡವೆಂದ ವಿಷಯ ನನಗೂ ಬೇಡ.

ವ್ಯವಹಾರಕ್ಕೆ ಬರೋಣ. ಪಾಯಿಂಟ್ ಟ್ವೆಂಟಿಟೂ ಸಾಕು, ಅದಕ್ಕಿಂತ ದೊಡ್ಡದು ಗುರಿಯಾಟಕ್ಕೆ ಬೇಕಿಲ್ಲ. ಸರಕಾರಿ ಕಾರ್ಖಾನೆಯ ಹೊಸದು ಹೈದರಾಬಾದಿನಲ್ಲಿ ಸಿಗುತ್ತದೆ. ಕೊಳವೆ ಪರವಾಗಿಲ್ಲ, ಬೆರಳಿನಿಂದ ಎಳೆಯುವ ಕುದುರೆ ಭಾರಿ ಬಿಗಿ. ಎಳೆಯುವಷ್ಟರಲ್ಲಿ ರೈಫಲ್ಲೇ ಪಕ್ಕಕ್ಕೆ ಬರುತ್ತದೆ. ಜರ್ಮನಿಯದು ಚಂದ, ಅದನ್ನು ಕನಸಿನಲ್ಲಿ ಕೊಳ್ಳಿ. ಮೂರನೆಯದು, ವಾಡಿಯ ರೈಲ್ವೆ ಸಾಹೇಬರೊಬ್ಬರು ನಿವೃತ್ತರಾಗಿ ಊರಿಗೆ ಹೋಗುತ್ತಿದ್ದಾರೆ, ಅವರ ಹತ್ತಿರ ಹಳೆಯ ಇಂಗ್ಲಿಷ್ ರೈಫಲ್ ಇದೆ. ಮರದ ಹಿಡಿಕೆ ಸೀಳಿದೆ, ಅದಕ್ಕೇ ಅಗ್ಗ. ಸೀಳು ನಾನು ಕೂಡಿಸಬಲ್ಲೆ. ಕೊಳವೆ ನೋಡದೆ ಏನೂ ಹೇಳುವುದಿಲ್ಲ.

ಕಣ್ಣಿನ ಸುದ್ದಿ ಓದಿದೆ.

ಅಬ್ದುಲ್ ಮಜೀದ


ಕುಂಚಾವರಂ ಕ್ಯಾಂಪು, ಚಿಂಚೋಳಿ ತಾಲೂಕು
೧೪ ಜುಲೈ ೧೯೭೪

ಮಜೀದಸಾಬರಿಗೆ,

ಕಾಡಿನ ಗಡಿ ಅಳೆಯಲು ಇಲ್ಲಿಗೆ ಬಂದು ಹತ್ತು ದಿನವಾಯಿತು. ಸರ್ವೆಯ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ನೀರಿಗೆ ಹೋಗುವ ಹೆಂಗಸರು ಆಕಾಶದ ಮೇಲೆ ಹೆಜ್ಜೆಯಿಡುತ್ತಾರೆ, ಅವರ ಕೊಡಗಳಿಂದ ಒಂದು ಹನಿಯೂ ಚೆಲ್ಲುವುದಿಲ್ಲ. ಮೂವತ್ತು ವರ್ಷ ನೋಡಿದರೂ ನನಗೆ ಬೇಸರ ಬಂದಿಲ್ಲ. ಈಗ ನನ್ನ ಕಣ್ಣೇ ಕೊಳವೆಯಾಗಿದೆ. ಅಂಚಿನಲ್ಲಿ ಕಪ್ಪು, ನಡುವೆ ಬೆಳಕು, ಆ ಬೆಳಕಿನಲ್ಲಿ ತೇಗದ ಎಲೆಯೊಂದು ತುಂಬ ಹೊತ್ತು ಅಲ್ಲಾಡುತ್ತದೆ. ಹೆದರಿಕೆ ಆಗುತ್ತದೆ. ಚಂದವೂ ಕಾಣುತ್ತದೆ. ಎರಡೂ ಒಟ್ಟಿಗೆ ಹೇಗೆ ಆಗುತ್ತವೆಯೋ ನಾನರಿಯೆ.

ಸರಪಳಿ ಹಿಡಿಯುವ ಇಲ್ಲಿನ ಮುದುಕನೊಬ್ಬ ಕೇಳಿದ, "ಏಮಿ ಸಾರೂ, ದುರ್ಬೀನ್‌ದಾಗ ದೇವ್ರು ಕಾಣಾಕತ್ತಾನೇನ್ರಿ, ಹಂಗೇ ಕುಂತ್ಬಿಟ್ರಿ?" ಎಂದು.

ಜರ್ಮನಿಯ ರೈಫಲ್ಲನ್ನು ಕನಸಿನಲ್ಲಿ ಕೊಂಡೆ. ಬೆಳಿಗ್ಗೆ ಎದ್ದಾಗ ಕೈ ಖಾಲಿ. ವಾಡಿಯದನ್ನು ನೋಡುತ್ತೀರಾ? ದುರ್ಬೀನು ಎಷ್ಟು ಪಟ್ಟಿನದು ಬೇಕು? ನನ್ನ ಕಣ್ಣಿಗೆ ಹತ್ತು ಪಟ್ಟಿನದೇ ಲೇಸಲ್ಲವೇ? ಆದಷ್ಟು ದೊಡ್ಡದಾಗಿ ಕಾಣಲಿ ಎಂಬ ಆಸೆ.

ನಿಮ್ಮ,
ನರಸಿಂಹ


ಶಹಾಬಾದ
೨೮ ಜುಲೈ ೧೯೭೪

ನರಸಿಂಹರಾಯರಿಗೆ,

ವಾಡಿಗೆ ಹೋಗಿದ್ದೆ. ಸಾಹೇಬರ ಅಂಗಳದಲ್ಲಿ ನಿಂತು ಬೋಲ್ಟು ತೆಗೆದು ಕೊಳವೆಯನ್ನು ಆಕಾಶಕ್ಕೆ ಹಿಡಿದೆ. ಕೆಟ್ಟ ಕೊಳವೆಯಲ್ಲಿ ಬೆಳಕಿನ ಬಳೆಗಳು ಒಂದರ ಮೇಲೊಂದು ಓರೆಯಾಗಿ ಬಿದ್ದಿರುತ್ತವೆ. ಇದರಲ್ಲಿ ಒಂದರೊಳಗೊಂದು, ಬಾವಿಗೆ ಕಲ್ಲು ಹಾಕಿದಾಗ ಏಳುವ ಅಲೆಗಳ ಹಾಗೆ, ಕೊನೆಯವರೆಗೂ ದುಂಡಗೆ ನಿಂತಿದ್ದವು. ನಾನು ಎಷ್ಟು ಹೊತ್ತು ನೋಡುತ್ತ ನಿಂತೆನೋ, ಸಾಹೇಬರ ಹೆಂಡತಿ ಬಂದು, "ಏನ್ ಕಳ್ಕೊಂಡೀರಿ ಅದ್ರಾಗ?" ಎಂದು ಕೇಳಿದರು.

ಕೊಳ್ಳಿ. ಮರ ಸೀಳಿದ್ದಕ್ಕೆ ಚೌಕಾಸಿ ಮಾಡಿದ್ದೇನೆ. ಹೊಸದರ ಅರ್ಧ ಬೆಲೆಗೆ ಕೊಡುತ್ತಾರೆ. ಅವರ ಕಾಗದ, ನಿಮ್ಮ ಪರವಾನಗಿ ಎರಡೂ ಕಚೇರಿಯಲ್ಲಿ ದಾಖಲಾಗಲಿ, ಅಲ್ಲಿಯವರೆಗೆ ರಿಪೇರಿಗೆಂದು ನನ್ನ ಅಂಗಡಿಯಲ್ಲಿ ಇರುತ್ತದೆ.

ಹತ್ತು ಪಟ್ಟಿನ ದುರ್ಬೀನು ಬೇಡ. ಗುರಿ ಹತ್ತು ಪಟ್ಟಾದರೆ ಕೈ ನಡುಗುವುದೂ ಹತ್ತು ಪಟ್ಟಾಗುತ್ತದೆ. ಮಲಗಿ ಉಸಿರು ಹಿಡಿದಾಗ ನಿನ್ನ ಎದೆ ಬಡಿಯುವುದು ದುರ್ಬೀನಿನೊಳಗಿನ ಅಡ್ಡಗೆರೆಯಲ್ಲಿ ಕಂಡರೆ ನೀನು ಇನ್ನೂ ಹೆದರುತ್ತೀ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ. ಜಪಾನಿನ ನಾಲ್ಕು ಪಟ್ಟಿನದೊಂದಿದೆ, ಗಾಜು ತಿಳಿ. ಕಣ್ಣು ಆಚೀಚೆ ಸರಿಸಿದರೂ ಗೆರೆ ಗುರಿಯಿಂದ ಕದಲುವುದಿಲ್ಲ. ಗುರಿ ಸರಿಸುವ ಮೇಲಿನ ಎರಡು ತಿರುಪುಗಳ ಮುಚ್ಚಳ ಕಳೆದಿವೆ, ಅದೊಂದೇ ಕೊರತೆ. ಉಳಿದ ದುಡ್ಡನ್ನು ದುರ್ಬೀನು ಹಿಡಿಯುವ ಉಂಗುರಗಳಿಗೆ ಹಾಕು, ಅವು ಗಟ್ಟಿಯಿರಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವಂಥ ಸೋಗಿನ ರೈಫಲ್ಲುಗಳನ್ನು ಈ ಕೈಯಿಂದ ಬೇಕಾದಷ್ಟು ರಿಪೇರಿ ಮಾಡಿದ್ದೇನೆ.

ಬರೆದಾದ ಮೇಲೆ ನೋಡಿದೆ, ನಡುವೆ ನಿನ್ನನ್ನು ಏಕವಚನದಲ್ಲಿ ಕರೆದಿದ್ದೇನೆ. ಹೊಡೆದುಹಾಕಲು ಮನಸ್ಸಾಗಲಿಲ್ಲ.

ಮಜೀದ


ಸೇಡಂ
೧ ಸೆಪ್ಟೆಂಬರ್ ೧೯೭೪

ಪ್ರಿಯ ಮಜೀದ,

ಶುಕ್ರವಾರ ರೈಫಲ್ ತರಲು ನಿನ್ನ ಅಂಗಡಿಗೆ ಬಂದಿದ್ದೆ. ನೀನಿರಲಿಲ್ಲ. ನಿನ್ನ ತಮ್ಮ ಮುನಾಫ, "ಭಾಯಿ ನಮಾಜಿಗೆ ಹೋಗ್ಯಾರ್ರಿ, ಯಾವಾಗ ಬರ್ತಾರ ಗೊತ್ತಿಲ್ರಿ" ಎಂದು ಹೇಳಿ, ದಸ್ಕತ್ತು ಹಾಕಿಸಿಕೊಂಡು ಕೊಟ್ಟ. ಮೂರು ಗಾಡಿ ಬಿಟ್ಟು ಸ್ಟೇಷನ್ನಿನಲ್ಲಿ ಕಾದೆ. ಫರಸಿ ಕಲ್ಲಿನ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ಆ ಧೂಳಿನಿಂದ ನೀನು ನಡೆದು ಬರುತ್ತೀ ಎಂದು ಎರಡು ಸಲ ಅನ್ನಿಸಿತು, ಎರಡು ಸಲವೂ ಬೇರೆ ಯಾರೋ.

ಸೀಳು ಎಲ್ಲಿತ್ತೆಂದು ಬೆರಳಿಗೂ ಸಿಗುತ್ತಿಲ್ಲ. ಪದ್ಮಾ ರೈಫಲ್ಲಿನ ಚರ್ಮದ ಪಟ್ಟಿ ನೋಡಿ, "ಅದು ಅಡಗಿ ಮನಿ ಹೊಸ್ತಿಲ ದಾಟಂಗಿಲ್ಲ" ಎಂದು ಕಟ್ಟಪ್ಪಣೆ ಮಾಡಿದಳು. ನೂಲಿನ ಪಟ್ಟಿ ಹಾಕಿಸಿ ರಾಜಿ ಮಾಡಿಕೊಂಡೆ. ಈಗ ನಡುಮನೆಯ ಗೂಟದ ಮೇಲೆ ಅದಕ್ಕೆ ಜಾಗ ಸಿಕ್ಕಿದೆ.

ಬೆಳಿಗ್ಗೆ ಇಲ್ಲಿನ ಗಣಿಯ ಮಣ್ಣಿನ ದಿಬ್ಬಕ್ಕೆ ಹತ್ತು ಗುಂಡು ಹೊಡೆದೆ. ಹತ್ತೂ ನಡುವಿಗೆ, ಎಂಟಾಣೆಯೊಂದನ್ನು ಇಟ್ಟರೆ ಮುಚ್ಚಬೇಕು. ಗುಂಡಿನ ಸದ್ದು ನನ್ನದಲ್ಲ, ಎಲ್ಲೋ ಬೇರೆಯವರ ಹೊಲದಲ್ಲಿ ಆದದ್ದು ಎನ್ನುವಷ್ಟು ದೂರ ಕೇಳಿಸಿತು. ದುರ್ಬೀನಿನೊಳಗೆ ಕಾರ್ಡು ಅಷ್ಟು ಹತ್ತಿರ, ಅಷ್ಟು ಸುಮ್ಮನೆ ಇತ್ತು. ಮಜೀದ, ನಾನು ಅತ್ತೆ.

ನಿನ್ನ,
ನರಸಿಂಹ


ಶಹಾಬಾದ
೧೫ ಸೆಪ್ಟೆಂಬರ್ ೧೯೭೪

ನರಸಿಂಹ,

ಅಂಗಡಿಯಲ್ಲಿ ಇಲ್ಲದ್ದಕ್ಕೆ ಬೇಜಾರು ಬೇಡ. ಶುಕ್ರವಾರ ನಮಾಜು ಮುಗಿಯುವುದು ತಡ.

ದುರ್ಬೀನಿನ ಗುರಿಯನ್ನು ಐವತ್ತು ಗಜಕ್ಕೆ ಕೂಡಿಸಿದ್ದೇನೆ. ತಿರುಪು ಒಂದು ಸಲ ಕಿಟಿಕ್ ಎಂದರೆ ಗುಂಡು ಕಾಲು ಇಂಚು ಸರಿಯುತ್ತದೆ. ಪಂದ್ಯದ ದಿನ ಪರೀಕ್ಷೆಯ ಗುಂಡು ಕೊಡುವುದಿಲ್ಲ, ನೇರವಾಗಿ ಹತ್ತು, ಅಷ್ಟೇ. ಗುಂಡುಗಳ ಅಭಾವ. ಆದ್ದರಿಂದ ಆ ಎರಡು ತಿರುಪನ್ನು ಯಾರೂ ಮುಟ್ಟಬಾರದು. ನೀನೂ ಮುಟ್ಟಬೇಡ, ನಿನಗೆ ಸುಮ್ಮನೆ ಕೂಡುವ ಚಾಳಿಯಿಲ್ಲ.

ಹತ್ತು ಗುಂಡಿನ ಕಾರ್ಡು ಕಳಿಸಿದ್ದೀ. ಅಂಗಡಿಯ ಗೋಡೆಗೆ ಹಚ್ಚಿದ್ದೇನೆ. ಬಂದವರು ಯಾರದೆಂದು ಕೇಳುತ್ತಾರೆ, ನನ್ನ ದೋಸ್ತಂದು ಎಂದು ಹೇಳುತ್ತೇನೆ.

ಮಜೀದ


ಸೇಡಂ
೨೦ ಅಕ್ಟೋಬರ್ ೧೯೭೪

ಮಜೀದ,

ಇದೇ ಬರುವ ರವಿವಾರ ಪಂದ್ಯ. ಬಾ. ನನ್ನ ಹಿಂದೆ ನಿಲ್ಲು, ಮೊದಲಿನ ಹಾಗೆ. ಹೊಡೆದಾದ ಮೇಲೆ ನಲವತ್ತು ಜನರ ಎದುರಿಗೆ ನಾನು ಒಂದು ಮಾತು ಆಡುವುದಿದೆ. ಕಾಗದದಲ್ಲಿ ಆಡಿದರೆ ಅದಕ್ಕೆ ಬೆಲೆಯಿಲ್ಲ, ಆ ಇನ್ನೊಂದು ಮಾತನ್ನು ನಾನು ಕಾಗದದಲ್ಲಿ ಆಡಿರಲಿಲ್ಲವಲ್ಲ.

ನರಸಿಂಹ


ಶಹಾಬಾದ
೫ ನವೆಂಬರ್ ೧೯೭೪

ನರಸಿಂಹರಾಯರಿಗೆ,

ನಾನು ಬಂದಿದ್ದೆ. ತಡವಾದ ಗಾಡಿಗೆ ಬಂದ ಗಿರಾಕಿಯೊಬ್ಬನಿಂದ ನನಗೂ ತಡವಾಯಿತು, ಗಣಿಯ ಮೇಲಿನ ಅಂಚಿನಲ್ಲಿ ನಿಂತೆ. ನೀವು ಕಾರ್ಡಿನ ಹತ್ತಿರ ಹೋದಿರಿ. ಬಹಳ ಹೊತ್ತು ನೋಡಿದಿರಿ. ಆಮೇಲೆ ದುರ್ಬೀನಿನ ತಿರುಪಿನ ಮೇಲೆ ಬೆರಳಿಟ್ಟಿರಿ, ಮತ್ತೆ ಜನರ ಕಡೆಗೆ ತಿರುಗಿ ಯಾರನ್ನೋ ಹುಡುಕಿದಿರಿ. ಆ ನೋಟವನ್ನು ನಾನು ಹನ್ನೊಂದು ವರ್ಷದ ಹಿಂದೆ ಹತ್ತಿರದಿಂದ ನೋಡಿದ್ದೇನೆ. ದೂರದಿಂದಲೂ ಗುರುತು ಸಿಕ್ಕಿತು.

ಈ ಸಲ ಬಾಯಿಬಿಟ್ಟು ಅನ್ನಲಿಲ್ಲ, ಅಷ್ಟರಮಟ್ಟಿಗೆ ಉಪಕಾರ. ಒಂಬತ್ತು ದಿನ ಕಾದೆ. ನಿಮ್ಮಿಂದ ಕಾಗದ ಬರಲಿಲ್ಲ. ನಾನು ಕೂಡಿಸಿ ಕೊಟ್ಟಾಗ ಅದು ಸರಿಯಿತ್ತು. ಇದನ್ನು ಒಂದು ಸಲ ಹೇಳುತ್ತಿದ್ದೇನೆ, ಎರಡನೆಯ ಸಲ ಹೇಳುವುದಿಲ್ಲ. ನಿಮ್ಮ ಕಾರ್ಡನ್ನು ಗೋಡೆಯಿಂದ ತೆಗೆದಿದ್ದೇನೆ.

ಅಬ್ದುಲ್ ಮಜೀದ


ಸೇಡಂ
೧೦ ನವೆಂಬರ್ ೧೯೭೪

ಮಜೀದಭಾಯಿಯವರಿಗೆ ಪದ್ಮಾಬಾಯಿಯ ನಮಸ್ಕಾರಗಳು.

ನಾನು ನಿಮಗೆ ಕಾಗದ ಬರೆಯುವುದು ಇದೇ ಮೊದಲು. ಅಕ್ಷರ ನೋಡಿ ನಗಬೇಡಿರಿ.

ನನ್ನ ತವರು ಮಳಖೇಡ. ನಮ್ಮ ಮನೆಯಲ್ಲಿ ದಸರೆಯ ಖಂಡೇಪೂಜೆಯ ದಿನ ದೇವರ ಮುಂದೆ ಸಡಿಲಾದ ಸಾಮಾನು ಇಡುವ ಪದ್ಧತಿಯಿಲ್ಲ. ಈಳಿಗೆಯ ಹಿಡಿ, ಕತ್ತರಿಯ ಮೊಳೆ, ದೀಪದ ತಿರುಪು, ಎಲ್ಲವನ್ನೂ ತೊಳೆದು ಒರೆಸಿ ಬಿಗಿ ಮಾಡಿ ಆಮೇಲೆ ಅರಿಷಿಣ ಕುಂಕುಮ ಹಚ್ಚಬೇಕು. ಸಡಿಲಾದದ್ದನ್ನು ಪೂಜಿಸಿದರೆ ಮನೆಯ ಗಂಡಸಿನ ಕೈ ಸಡಿಲಾಗುತ್ತದೆ ಎನ್ನುತ್ತಿದ್ದಳು ನನ್ನ ಅವ್ವ. ಮದುವೆಯಾಗಿ ಬಂದಾಗಿನಿಂದ ಇವರ ಅಳತೆಯ ಸರಪಳಿಯಿಂದ ಹಿಡಿದು ಎಲ್ಲಕ್ಕೂ ಹಾಗೇ ಮಾಡುತ್ತ ಬಂದವಳು ನಾನು. ಇವರು ಸ್ನಾನಕ್ಕೆ ಹೋದಾಗ ಮಡಿಯಲ್ಲಿ ಒಬ್ಬಳೇ ಮಾಡುತ್ತೇನೆ. ಈ ಸಲ ರೈಫಲ್ಲನ್ನೂ ಒರೆಸಿದೆ. ದುರ್ಬೀನಿನ ಮೇಲೆ ಎರಡು ತಿರುಪು ತಿರುಗುತ್ತಿದ್ದವು. ಪಾಪ, ಮಜೀದಭಾಯಿ ಅವಸರದಲ್ಲಿ ಬಿಗಿ ಮಾಡುವುದನ್ನು ಮರೆತಿದ್ದಾರೆ ಎಂದುಕೊಂಡೆ. ಐದಾರು ಸಲ ಕಿಟಿಕ್ ಕಿಟಿಕ್ ಎಂದವು, ಆಮೇಲೆ ನನ್ನ ಬೆರಳಿಗೆ ಬಗ್ಗಲಿಲ್ಲ. ಎರಡನ್ನೂ ಬಿಗಿ ಮಾಡಿ ಕುಂಕುಮ ಇಟ್ಟೆ.

ಪಂದ್ಯದಿಂದ ಬಂದವರು ಹನ್ನೆರಡು ದಿನ ನೆಟ್ಟಗೆ ಊಟ ಮಾಡಲಿಲ್ಲ. ನಿನ್ನೆ ಕಾರ್ಡು ಹಿಡಿದು ಕೂತಿದ್ದರು. ಹತ್ತು ತೂತು ಒಂದೇ ಕಡೆ, ಆದರೆ ಕಪ್ಪಿನ ಹೊರಗೆ, ಎಡಕ್ಕೆ, ಕೆಳಗೆ. "ಗುಂಡು ಎಲ್ಲಾ ಒಂದೇ ಕಡೆ ಬಿದ್ದಾವಲ್ರೀ, ಮತ್ತ್ಯಾಕ ಸೋತ್ರಿ?" ಎಂದು ಕೇಳಿದೆ.

"ಯಾರೋ ತಿರುಪು ತಿರುವ್ಯಾರ" ಎಂದರು.

"ಯಾವ ತಿರುಪು?"

ತೋರಿಸಿದರು. ನನ್ನ ಕೈಯಿಂದ ಬಿಗಿ ಮಾಡಿದವೇ ಅವು. ಮಜೀದಭಾಯಿ, ಹನ್ನೊಂದು ವರ್ಷದ ಹಿಂದೆಯೂ ಹಳೆಯ ರೈಫಲ್ಲಿಗೆ ಕಣ್ಣಿಡುವ ಕಡೆ ಅಂಥದೇ ಎರಡು ಗುಂಡಿಗಳಿದ್ದವು. ಅವನ್ನೂ ನಾನೇ ಬಿಗಿ ಮಾಡಿದ್ದೆ. ಅದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಉಗುರು ಮುರಿದಿತ್ತು. ನೀವಿಬ್ಬರೂ ಯಾಕೆ ಜಗಳವಾಡಿದಿರಿ ಎಂದು ಇವರು ನನಗೆ ಒಂದು ದಿನವೂ ಬಿಡಿಸಿ ಹೇಳಲಿಲ್ಲ. ಹೇಳಿದ್ದರೆ ಅಂದೇ ಗೊತ್ತಾಗುತ್ತಿತ್ತು. ನಿನ್ನೆ ಇವರ ಕೋಟಿನ ಜೇಬಿನಲ್ಲಿದ್ದ ನಿಮ್ಮ ಕಾಗದಗಳನ್ನು ಓದಿ ತಿಳಿದುಕೊಂಡೆ.

ನಿಮ್ಮ ಅನ್ನ ಕಿತ್ತವಳು ನಾನು. ಇವರಿಗೆ ಇನ್ನೂ ಹೇಳಿಲ್ಲ. ಮೊದಲು ಹೇಳಿದರೆ ಅವರೇ ನಿಮಗೆ ಬರೆದು ನನ್ನ ತಪ್ಪನ್ನು ಸಣ್ಣದು ಮಾಡಿಯಾರು. ಈ ಕಾಗದವನ್ನು ಡಬ್ಬಿಗೆ ಹಾಕಿ ಬಂದು ಹೇಳುತ್ತೇನೆ.

ಪದ್ಮಾಬಾಯಿ


ಸೇಡಂ
೧೬ ನವೆಂಬರ್ ೧೯೭೪

ಮಜೀದ,

ಪದ್ಮಾ ಎಲ್ಲ ಹೇಳಿದಳು. ಹೇಳಿ ದೇವರ ಮನೆಯ ಬಾಗಿಲಲ್ಲಿ ಕೂತು ಅತ್ತಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟಿಗೆ ಹಕ್ಕಿದ್ದವನು ನೀನು, ನಾನಲ್ಲ.

ಆ ಸಲ ನಾನು ಸಿಟ್ಟಿನಲ್ಲಿದ್ದೆ, ಮೂರ್ಖನಾಗಿದ್ದೆ, ಅದಕ್ಕೆ ಕ್ಷಮೆ ಕೇಳುವುದು ನನಗೆ ಸಾಧ್ಯ, ಕೇಳುತ್ತೇನೆ. ಈ ಸಲದ್ದು ಬೇರೆ. ಕಾರ್ಡು ನೋಡಿದಾಗ ನಿನ್ನ ಕಾಗದಗಳೆಲ್ಲ ನನ್ನ ಕೋಟಿನ ಜೇಬಿನಲ್ಲಿದ್ದವು. ದಪ್ಪಕ್ಷರದ ಎಲ್ಲ ಇನ್‌ಲ್ಯಾಂಡುಗಳು. ಅವನ್ನು ಎದೆಯ ಮೇಲೆ ಇಟ್ಟುಕೊಂಡೇ ನಿನ್ನ ಮೇಲೆ ಅನುಮಾನಪಟ್ಟೆ. ಅವನು ಹನ್ನೊಂದು ವರ್ಷ ಕಾದು ಸೇಡು ತೀರಿಸಿಕೊಂಡ ಎಂದುಕೊಂಡೆ. ವಾಡಿಯಲ್ಲಿ ಗಾಡಿ ಬದಲಿಸುವವರೆಗೂ ಅದನ್ನೇ ಅಂದುಕೊಂಡೆ. ಮುಂದೆಯೂ ಅಂದುಕೊಂಡೆ. ಬೇರೆ ಯಾರಾದರೂ ಇರಬಹುದು ಎಂಬ ಯೋಚನೆ ಕೂಡ ಬರಲಿಲ್ಲ. ಇದಕ್ಕೆ ಕ್ಷಮೆ ಕೇಳುವ ದಾರಿ ನನಗೆ ಗೊತ್ತಿಲ್ಲ. ನೀನು ಗಣಿಯ ಅಂಚಿನಿಂದ ಕಂಡದ್ದು ನಿಜ ಎಂದು ಬರೆದು ತಿಳಿಸುವುದಷ್ಟೇ ನನ್ನಿಂದ ಆಗುವುದು.

ಬೆಳಕು ಮೊದಲಿಗಿಂತ ಬೇಗ ಕಡಿಮೆಯಾಗುತ್ತಿದೆ. ಅಂಗಳದ ತುಳಸಿಕಟ್ಟೆ ನೋಡಿದರೆ ಪಕ್ಕದಲ್ಲಿ ನಿಂತ ಪದ್ಮಾ ಕಾಣುವುದಿಲ್ಲ. ತಲೆ ತಿರುಗಿಸಿ ಹುಡುಕಬೇಕು.

ನರಸಿಂಹ


ಶಹಾಬಾದ
೨೪ ನವೆಂಬರ್ ೧೯೭೪

ನರಸಿಂಹ,

ಪದ್ಮಾ ವೈನಿಗೆ ಮೊದಲು ಇದನ್ನು ಹೇಳು. ಅವರ ಕಾಗದ ಓದಿ ನಾನು ಒಂದು ಗಳಿಗೆ ಅತ್ತೆ, ಆಮೇಲೆ ಅಂಗಡಿಯಲ್ಲಿ ಒಬ್ಬನೇ ಎಷ್ಟು ನಕ್ಕೆನೆಂದರೆ ಮುನಾಫ ಓಡಿ ಬಂದು, "ಭಾಯಿ, ಹುಷಾರದೀರಿಲ್ಲೋ?" ಎಂದು ಕೇಳಿದ. ಬಿಗಿಯಿಲ್ಲದ್ದನ್ನು ಬಿಗಿ ಮಾಡಿದ್ದಾರೆ, ಅದರಲ್ಲಿ ತಪ್ಪೇನಿದೆ. ತಿರುಪು ಮುಟ್ಟಬಾರದು ಎಂದು ನಿನಗೆ ಬರೆದೆ, ನೀನು ಮನೆಯಲ್ಲಿ ಹೇಳಲಿಲ್ಲ. ಜಗಳವಾದಾಗಲೂ ಹೇಳಲಿಲ್ಲ. ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಊರಲ್ಲಿ ಬಾಯಿ ಬಿಡುವವನು ನೀನು, ಶಾಲೆಯಿಂದಲೂ ಹೀಗೇ.

ನೀನು ಮುಚ್ಚುಮರೆಯಿಲ್ಲದೆ ಬರೆದಿದ್ದೀ. ನಾನೂ ಬರೆಯುತ್ತೇನೆ, ಇಲ್ಲದಿದ್ದರೆ ನಿನ್ನ ಮುಂದೆ ದೊಡ್ಡ ಮನುಷ್ಯನಾಗಿ ಕೂರಬೇಕಾಗುತ್ತದೆ, ಅದು ನನ್ನಿಂದಾಗದು.

ಆಗಸ್ಟ್ ಕೊನೆಯಲ್ಲಿ ದುರ್ಬೀನು ಕೂಡಿಸಿ ಮುಗಿಸಿದ್ದೆ. ಚಹಾ ತರಿಸಿಕೊಂಡು ರೈಫಲ್ ಮುಂದಿಟ್ಟುಕೊಂಡು ಕೂತಿದ್ದೆ. ಮಾಡದ ತಪ್ಪಿಗೆ ಹನ್ನೊಂದು ವರ್ಷ ಶಿಕ್ಷೆ ಉಂಡಿದ್ದೇನೆ, ಈಗ ಆ ತಪ್ಪನ್ನು ಮಾಡಿಬಿಟ್ಟರೆ ಲೆಕ್ಕ ಸರಿಹೋಗುತ್ತದಲ್ಲ ಎಂದು ಮನಸ್ಸಿಗೆ ಬಂತು. ಬೆರಳು ತಿರುಪಿನ ಮೇಲಿತ್ತು. ನಾಲ್ಕು ಕಿಟಿಕ್ ತಿರುವಿದೆ. ಹೌದು, ತಿರುವಿದೆ. ಚಹಾ ತಣ್ಣಗಾಗಿ ಕೆನೆಗಟ್ಟುವವರೆಗೂ ಹಾಗೇ ಕೂತಿದ್ದೆ. ಆಮೇಲೆ ನಾಲ್ಕು ಕಿಟಿಕ್ ವಾಪಸು ತಿರುವಿದೆ. ಎಣಿಸಿದ್ದು ಸರಿಯಾಯಿತೋ ಇಲ್ಲವೋ ಎಂದು ಗಣಿಗೆ ಹೋಗಿ ಮತ್ತೆ ಮೂರು ಗುಂಡು ಹೊಡೆದು ನೋಡಿದೆ. ನೀನು ಬಂದ ಶುಕ್ರವಾರ ನಮಾಜು ಒಂದೂವರೆಗೇ ಮುಗಿದಿತ್ತು. ನಾನು ಮಸೀದಿಯ ಹಿಂದಿನ ಕಟ್ಟೆಯ ಮೇಲೆ ಕೂತು ನಿನ್ನ ಮೂರೂ ಗಾಡಿ ಹೋಗುವ ಸದ್ದು ಕೇಳಿದೆ. ಮುಖ ತೋರಿಸಲು ಧೈರ್ಯವಾಗಲಿಲ್ಲ.

ಆದ್ದರಿಂದ ನಿನ್ನ ಅನುಮಾನ ಪೂರ್ತಿ ಸುಳ್ಳಲ್ಲ. ಅದರ ಭಾರ ನೀನೊಬ್ಬನೇ ಹೊರಬೇಡ.

ರೈಫಲ್ ಈಗ ಹಾಗೇ ಗೂಟದ ಮೇಲೆ ಇರಲಿ, ಅದಕ್ಕೇನೂ ಅವಸರವಿಲ್ಲ. ಗುರುವಾರ ಬೆಳಗಿನ ಗಾಡಿಗೆ ನಾನು ಸೇಡಂಗೆ ಬರುತ್ತೇನೆ. ಅಂಗಳದಲ್ಲಿ ಬಿಸಿಲಿರುವ ಕಡೆ ಎರಡು ಕುರ್ಚಿ ಹಾಕಿಸು, ಎದುರುಬದುರು, ಹತ್ತಿರ. ನನಗೆ ಗಡ್ಡ ಬೆಳ್ಳಗಾಗಿದೆ, ಮುಂದಿನ ಎರಡು ಹಲ್ಲು ಹೋಗಿವೆ. ನಿನ್ನ ಕಣ್ಣಿನ ನಡುವೆ ಇನ್ನೂ ಬೆಳಕಿರುವಾಗಲೇ ನನ್ನನ್ನು ಒಮ್ಮೆ ಸರಿಯಾಗಿ ನೋಡಿಕೋ.

ಮಜೀದ